ಸೀಟು ಬಿಡುವ ಕೊನೆಯ ದಿನ

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಓಣಿಯಲ್ಲಿ ವಿಚಾರಿಸುತ್ತಾರೆ. ಅತ್ತೆ ಹೇಗೆ, ಮನೆಗೆ ನೀರು ಹೊರುವವರು ಯಾರು, ಹಿರಿ ಸೊಸೆ ಸುಖವಾಗಿದ್ದಾಳೋ ಇಲ್ಲವೋ ಎಂದು ಕಿರಾಣಿ ಅಂಗಡಿಯವನನ್ನೂ ಬಿಡದೆ ಕೇಳುತ್ತಾರೆ. ವೈದ್ಯರಲ್ಲೂ ಇಂಥದೇ ಒಂದು ಪದ್ಧತಿ ಇದೆ. ಎಂಬಿಬಿಎಸ್ ಮುಗಿಸಿ, ಪಿಜಿ ಪರೀಕ್ಷೆ ಬರೆದು, ಯಾವ ಕಾಲೇಜಿನ ಯಾವ ವಿಭಾಗ ಬೇಕೆಂದು ಪಟ್ಟಿ ತುಂಬುವ ವಾರದಲ್ಲಿ ಹೊಸಬರು ಆ ವಿಭಾಗದಲ್ಲಿ ಆಗಲೇ ದುಡಿಯುತ್ತಿರುವವರಿಗೆ ಫೋನು ಮಾಡುತ್ತಾರೆ. ನಂಬರು ಹೇಗೋ ಸಿಗುತ್ತದೆ. ಬೈಗುಳ ಎಷ್ಟು, ನಿದ್ದೆ ಎಷ್ಟು, ಚಾಕು ಕೈಗೆ ಕೊಡುತ್ತಾರೋ ಅಥವಾ ಮೂರು ವರ್ಷ ಬರೀ ಡ್ರೆಸ್ಸಿಂಗ್ ಮಾಡಿಸುತ್ತಾರೋ ಎಂದು ಕೇಳುತ್ತಾರೆ. ಆ ಉತ್ತರವನ್ನು ನಂಬಿ ಒಬ್ಬರು ತಮ್ಮ ಬದುಕನ್ನು ಒಂದು ಕಡೆಗೆ ತಿರುಗಿಸಿಬಿಡುತ್ತಾರೆ. ಹಿರಿ ಸೊಸೆ ಸುಳ್ಳು ಹೇಳಿದರೆ ಕಿರಿಯವಳ ಗತಿ ಮುಗಿಯಿತು.

ಹಾಗೆ ಸುಳ್ಳು ಹೇಳಿದ ಹಿರಿ ಸೊಸೆ ನಾನು.

ನಾನು ಮಸ್ಕಿಯ ಆಚೆ ಒಂದು ಹಳ್ಳಿಯವಳು. ಅಪ್ಪ ಕುರಿ ಕಾಯುತ್ತಾನೆ. ಅವ್ವ ನಾಟಿಯ ಹಂಗಾಮಿನಲ್ಲಿ ಹೆಂಗಸರ ಗುಂಪಿನೊಂದಿಗೆ ಟ್ರ್ಯಾಕ್ಟರ್ ಹತ್ತಿ ಜವಳಗೇರಾದ ಗದ್ದೆಗಳಿಗೆ ಹೋಗುತ್ತಾಳೆ. ಎಂಬಿಬಿಎಸ್ ಸಿಕ್ಕಿದ್ದು ಮೀಸಲು ಸೀಟಿನಲ್ಲಿ, ಆಮೇಲೆ ಜನರಲ್ ಸರ್ಜರಿ ಪಿಜಿ ಸಿಕ್ಕಿದ್ದೂ ಮೀಸಲು ಸೀಟಿನಲ್ಲಿ. ಇದನ್ನು ನಾನು ಎಂದೂ ಮುಚ್ಚಿಟ್ಟಿಲ್ಲ. ಕಾಲೇಜು ದಕ್ಷಿಣದ ಕಡೆ, ಊರಿನಿಂದ ಇಡೀ ಒಂದು ದಿನದ ಬಸ್ ದಾರಿ. ಸರ್ಜರಿ ವಿಭಾಗದಲ್ಲಿ ನನ್ನ ಜೊತೆಗಿದ್ದ ಹುಡುಗರಲ್ಲಿ ಒಬ್ಬನ ಅಪ್ಪ ಡಾಕ್ಟರು, ಒಬ್ಬನ ಸೋದರಮಾವ ಡಾಕ್ಟರು, ಇನ್ನೊಬ್ಬನಿಗಂತೂ ನರ್ಸಿಂಗ್ ಹೋಮೇ ಕಟ್ಟಿಸಿಟ್ಟು ಕಾಯುತ್ತಿದ್ದರು. ಆಪರೇಷನ್ ಥಿಯೇಟರಿನಲ್ಲಿ ಅವರು ತಮ್ಮ ಮನೆಯ ಅಡುಗೆಮನೆಯಲ್ಲಿ ಓಡಾಡಿದಂತೆ ಓಡಾಡುತ್ತಿದ್ದರು. ಹೆಣ್ಣು ನಾನೊಬ್ಬಳೇ, ನಮ್ಮ ಕಡೆಯವಳೂ ನಾನೊಬ್ಬಳೇ.

ಜಾತಿ ಹಿಡಿದು ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ದೂರು ಕೊಡಬಹುದಿತ್ತು. ಅವರು ಹೊಗಳಿದರು. "ನಿಮ್ಮ ಕಡೆಯವರು ಗಟ್ಟಿ ಜನ ಕಣಮ್ಮ. ಬಿಸಿಲಲ್ಲಿ ದುಡಿದು ಅಭ್ಯಾಸ ಇರುತ್ತೆ," ಎಂದು ವಿಭಾಗದ ಮುಖ್ಯಸ್ಥರು ಮೊದಲ ವಾರವೇ ಎಲ್ಲರೆದುರು ಹೇಳಿದರು. ನಾನು ಖುಷಿಯಿಂದ ಉಬ್ಬಿದೆ. ಆ ಮಾತಿನ ಅರ್ಥ ಡ್ಯೂಟಿ ಪಟ್ಟಿ ಬಂದ ಮೇಲೆ ತಿಳಿಯಿತು. ಗಟ್ಟಿ ಜನಕ್ಕೆ ವಾರ್ಡು, ರಕ್ತ ತೆಗೆಯುವುದು, ಕೀವು ಒರೆಸುವುದು, ಬ್ಲಡ್ ಬ್ಯಾಂಕಿಗೆ ಓಡುವುದು, ಕೇಸ್ ಶೀಟ್ ತುಂಬುವುದು. ಬಿಸಿಲು ತಡೆಯದ ಮೃದು ಜನ ಏಸಿ ಥಿಯೇಟರಿನಲ್ಲಿ ನಿಂತು ಹರ್ನಿಯಾ ಆಪರೇಷನ್ ಕಲಿತರು.

ಮೊದಲ ವರ್ಷ ಎಲ್ಲರಿಗೂ ಇಷ್ಟೇ ಎಂದು ಹಲ್ಲು ಕಚ್ಚಿದೆ. ಪಿಜಿಯಲ್ಲಿ ಎಲ್ಲರಿಗಿಂತ ಕಿರಿಯರು ಕತ್ತೆ ಚಾಕರಿ ಮಾಡುತ್ತಾರೆ, ಮುಂದಿನ ವರ್ಷ ಹೊಸಬರು ಬಂದರೆ ಆ ಚಾಕರಿ ಅವರ ಹೆಗಲಿಗೆ ಹೋಗುತ್ತದೆ. ಆದರೆ ನನ್ನ ನಂತರದ ವರ್ಷ ನಮ್ಮ ಯುನಿಟ್ಟಿಗೆ ಯಾರೂ ಬರಲಿಲ್ಲ. ಸೀಟು ಖಾಲಿ ಉಳಿಯಿತು. ವಿಭಾಗದ ಕೆಟ್ಟ ಹೆಸರು ಫೋನಿನಲ್ಲಿ ಹಬ್ಬಿಬಿಟ್ಟಿತ್ತು. ನಾನು ಎರಡನೇ ವರ್ಷಕ್ಕೆ ಕಾಲಿಟ್ಟರೂ ಕೈಯಲ್ಲಿ ಅದೇ ಸಿರಿಂಜು, ಅದೇ ಕೀವಿನ ಬೋಗುಣಿ. ಸರ್ಜರಿ ಕಲಿಯಲು ಬಂದವಳು ಹದಿನೆಂಟು ತಿಂಗಳಾದರೂ ಒಂದು ಹರ್ನಿಯಾವನ್ನು ನನ್ನ ಕೈಯಾರೆ ಮಾಡಿರಲಿಲ್ಲ.

ಬಿಟ್ಟು ಹೋಗಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳುತ್ತಾರೆ. ಸೇರುವಾಗ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಸಲು ಅಂಕಪಟ್ಟಿಗಳನ್ನೂ ಕಾಲೇಜಿನ ಕಚೇರಿಗೆ ಕೊಟ್ಟಿರುತ್ತೇವೆ. ಅವು ಕಬ್ಬಿಣದ ಬೀರುವಿನಲ್ಲಿ ಕೂತಿರುತ್ತವೆ. ಸೀಟು ಹಂಚಿಕೆ ನಡೆಯುತ್ತಿರುವಾಗ ಒಂದು ಕೊನೆಯ ದಿನ ಎಂದು ಗೊತ್ತು ಮಾಡುತ್ತಾರೆ. ಅದರೊಳಗೆ ಬಿಟ್ಟರೆ ಕಾಗದ ವಾಪಸ್ಸು, ಮುಂದಿನ ಸುತ್ತಿನಲ್ಲಿ ಬೇರೆ ಸೀಟಿಗೆ ಹೋಗಬಹುದು. ಆ ದಿನ ದಾಟಿದರೆ ಲಕ್ಷಗಟ್ಟಲೆ ದಂಡ ಕಟ್ಟದೆ ಕಾಗದ ಸಿಗುವುದಿಲ್ಲ, ಮತ್ತೆ ಕೆಲವು ವರ್ಷ ಪಿಜಿಯ ಬಾಗಿಲಿಗೂ ಹೋಗುವಂತಿಲ್ಲ. ನನ್ನ ಕೊನೆಯ ದಿನ ಯಾವತ್ತೋ ದಾಟಿತ್ತು. ಊರಿನಲ್ಲಿ ಆಗಲೇ ಮಸ್ಕಿ ಬಸ್ ನಿಲ್ದಾಣದ ಎದುರು ನನ್ನ ಫೋಟೋದ ಫ್ಲೆಕ್ಸು ಕಟ್ಟಿದ್ದರು. ಅತ್ತ ದರಿ, ಇತ್ತ ಪುಲಿ. ಹಾಸ್ಟೆಲಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಎಷ್ಟು ಸಲ ಎಂದು ನೆನಪಿಟ್ಟಿಲ್ಲ.

ಪರೀಕ್ಷೆಗಳ ದಿನ ಹಿಂದುಮುಂದಾಗಿ, ಮುಂದಿನ ತಂಡದವರು ಪಟ್ಟಿ ತುಂಬುವ ವಾರ ನನ್ನ ಎರಡನೇ ವರ್ಷದ ನಡುವೆಯೇ ಬಂತು. ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆಸಿದರು. ಕುರ್ಚಿ ತೋರಿಸಿದರು, ಅದೇ ಮೊದಲ ಸಲ. "ಮೀಸಲು ಸೀಟು ಈ ಸಲಾನೂ ಖಾಲಿ ಉಳಿದ್ರೆ ನಮಗೆ ಕಷ್ಟ ಆಗುತ್ತೆ. ನಿಮ್ಮ ಕಡೆ ಹುಡುಗೀರು ನಿನಗೇ ಫೋನ್ ಮಾಡೋದು. ನಾಲ್ಕು ಒಳ್ಳೆ ಮಾತು ಹೇಳಮ್ಮ," ಎಂದರು. ಸ್ವಲ್ಪ ತಡೆದು, "ಜೂನಿಯರ್ ಬಂದ್ರೆ ನಿನಗೂ ಕೇಸ್ ಕೊಡ್ಬಹುದು," ಎಂದೂ ಸೇರಿಸಿದರು. ಎಲ್ಲ ಸಮುದಾಯದವರೂ ಸರ್ಜರಿಗೆ ಬರಬೇಕು ಎಂದು ಅವರು ಸಭೆಗಳಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದರು. ಬಂದವರನ್ನು ಏನು ಮಾಡಬೇಕು ಎಂಬುದು ಮಾತ್ರ ಆ ಭಾಷಣದಲ್ಲಿ ಇರುತ್ತಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ, ಡ್ರೆಸ್ಸಿಂಗ್ ಕೋಣೆಯಲ್ಲಿದ್ದಾಗ ಫೋನು ಬಂತು.

"ಅಕ್ಕಾ, ನಾ ಲಿಂಗಸುಗೂರಿನಾಕಿ ರೀ. ನೀವು ಮಸ್ಕಿ ಕಡೆಯವರಂತ ಗೊತ್ತಾತು. ಅದಕ್ಕ ಮಾಡೀನ್ರಿ."

ಕಾಲೇಜಿನ ಊರಿನಲ್ಲಿ ನಾನು ಬಾಯಿ ಬಿಟ್ಟರೆ ಹುಡುಗರು ನಗುತ್ತಿದ್ದರು, ನನ್ನ 'ಹೌದ್ರಿ'ಯನ್ನು ನನ್ನೆದುರೇ ಅಣಕಿಸುತ್ತಿದ್ದರು. ಒಂದೂವರೆ ವರ್ಷದಲ್ಲಿ ಆಸ್ಪತ್ರೆಯೊಳಗೆ ನಿಂತು ನಮ್ಮ ಮಾತು ಕೇಳಿದ್ದು ಅದೇ ಮೊದಲು.

"ಹೇಳವ್ವಾ," ಎಂದೆ.

ಅವಳು ಗಡಿಬಿಡಿಯಿಲ್ಲದೆ ಹೇಳಿದಳು. ಅಪ್ಪ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾನೆ. ರ‍್ಯಾಂಕು ಚೆನ್ನಾಗಿ ಬಂದಿದೆ. ಎರಡು ದಾರಿ ಇವೆ. ಊರಿಗೆ ಸಮೀಪದ ಕಾಲೇಜಿನಲ್ಲಿ ಅನಸ್ತೇಶಿಯಾ, ಅಂದರೆ ಆಪರೇಷನ್ನಿಗೆ ಮೊದಲು ರೋಗಿಗೆ ಅರಿವಳಿಕೆ ಕೊಡುವ ವಿಭಾಗ, ಸಿಗುತ್ತದೆ. ಇಲ್ಲವೆಂದರೆ ನಮ್ಮಲ್ಲಿ ಸರ್ಜರಿ.

"ಮನಸು ಸರ್ಜರಿ ಮ್ಯಾಲೆ ಐತ್ರಿ. ಆದ್ರ ನಿಮ್ಮ ವಿಭಾಗದ ಬಗ್ಗೆ ಮಂದಿ ಏನೇನೋ ಅಂತಾರ. ಖರೇ ಹೇಳ್ರಿ ಅಕ್ಕಾ. ನಮ್ಮಂಥವರಿಗೆ ಅಲ್ಲಿ ಕೈಗೆ ಕೆಲಸ ಕೊಡ್ತಾರೇನ್ರಿ?"

ನನ್ನ ಗ್ಲೌಸಿನ ಮೇಲೆ ಇನ್ನೂ ಕೀವಿತ್ತು. ಖರೆ ಹೇಳಿದರೆ ಅವಳು ಬರುವುದಿಲ್ಲ. ಅವಳು ಬರದಿದ್ದರೆ ನಾನು ಇನ್ನೊಂದು ವರ್ಷ ಇದೇ ಕೋಣೆಯಲ್ಲಿ. ಇಷ್ಟು ಲೆಕ್ಕ ಹಾಕಲು ನನಗೆ ಒಂದು ಉಸಿರೂ ಬೇಕಾಗಲಿಲ್ಲ.

"ಕೊಡ್ತಾರ, ಬಾ. ನಾ ಅದೀನಲ್ಲ," ಎಂದೆ.

"ನೀವು ಅದೀರಿ ಅಂದ್ರ ಸಾಕ್ರಿ," ಎಂದು ಅವಳು ಫೋನಿಟ್ಟಳು.

ಬಂದಳು. ಸಪೂರ ಹುಡುಗಿ, ಒಂದು ಟ್ರಂಕು, ಒಂದು ಚೀಲದ ತುಂಬ ಕಡಕ್ ರೊಟ್ಟಿ. ರಾತ್ರಿ ಇಬ್ಬರೂ ಕೂಡಿ ಆ ರೊಟ್ಟಿ ಮುರಿದು ಉಣ್ಣುತ್ತಿದ್ದೆವು. ಅವಳು ಬಂದ ದಿನದಿಂದ ವಿಭಾಗದಲ್ಲಿ ಒಂದು ನಾಟಕ ಶುರುವಾಯಿತು. ಇದು ಹಳೆಯ ಪದ್ಧತಿ, ನನ್ನೆದುರೂ ಆಡಿದ ನಾಟಕವೇ. ಸೀಟು ಬಿಡುವ ಕೊನೆಯ ದಿನ ದಾಟುವವರೆಗೆ ಹೊಸಬರನ್ನು ಯಾರೂ ಬೈಯುವುದಿಲ್ಲ. ಮುಖ್ಯಸ್ಥರು ಬೆಳಗಿನ ಸಭೆಯಲ್ಲಿ, ಅವಳು ಇನ್ನೂ ಬಂದಿರದಾಗ, "ಕೊನೇ ದಿನ ಮುಗಿಯೋವರೆಗೂ ಎಲ್ಲರೂ ಸ್ವಲ್ಪ ನಗ್ತಾ ಇರ್ರಪ್ಪ," ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳಿಗೆ ಮಧ್ಯಾಹ್ನ ಊಟಕ್ಕೆ ಬಿಡುವು ಸಿಕ್ಕಿತು. ನಾಲ್ಕನೇ ದಿನವೇ ಥಿಯೇಟರಿಗೆ ಕರೆದು ಹೊಲಿಗೆ ಹಾಕಿಸಿದರು. ಅವಳು ಗ್ಲೌಸು ತೆಗೆದ ಕೂಡಲೇ ಅಪ್ಪನಿಗೆ ಫೋನು ಮಾಡಿ ಹೇಳಿದಳು.

ಅವಳ ಬೆರಳುಗಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದೂ ಬರೆಯಬೇಕು. ದಾರದ ಗಂಟು ಹಾಕುವುದನ್ನು ನಾವು ಮಂಚದ ಕಾಲಿಗೆ ನೂಲು ಸುತ್ತಿ ಅಭ್ಯಾಸ ಮಾಡುತ್ತೇವೆ. ನನಗೆ ಎರಡು ತಿಂಗಳು ಹಿಡಿದಿದ್ದನ್ನು ಅವಳು ಒಂದು ವಾರದಲ್ಲಿ, ನನ್ನ ಜೊತೆ ಹರಟೆ ಹೊಡೆಯುತ್ತ, ನೂಲಿನ ಕಡೆ ನೋಡದೆ ಹಾಕುತ್ತಿದ್ದಳು. ಅಂಥ ಕೈ ವಿಭಾಗದಲ್ಲಿ ಇನ್ನೊಬ್ಬರದಿರಲಿಲ್ಲ.

ಇತ್ತ ನನಗೂ ಸುಗ್ಗಿ. ವಾರ್ಡಿನ ಅರ್ಧ ಕೆಲಸ ಅವಳ ಪಾಲಿಗೆ ಹೋಯಿತು. ಒಂದೂವರೆ ವರ್ಷದ ನಂತರ ಆರು ತಾಸು ಒಟ್ಟಿಗೆ ಮಲಗಿದೆ. ಎದ್ದಾಗ ನನ್ನ ಮುಖ ನನಗೇ ಗುರುತು ಸಿಗಲಿಲ್ಲ.

ಕೊನೆಯ ದಿನದ ಹಿಂದಿನ ಸಂಜೆ ಅವಳು ಹಾಸ್ಟೆಲಿನ ಮಾಳಿಗೆಯ ಮೇಲೆ ಒಗೆದ ಬಟ್ಟೆ ತೆಗೆಯುತ್ತಿದ್ದಳು. ನಾನೂ ಹೋಗಿದ್ದೆ.

"ಅಕ್ಕಾ, ಆ ಅನಸ್ತೇಶಿಯಾ ಸೀಟು ಇನ್ನಾ ಖಾಲಿ ಐತಂತ. ನಾಳೆ ಬಿಟ್ರ ಮುಂದಿನ ಸುತ್ತಿನ್ಯಾಗ ನನಗ ಸಿಗತೈತಿ. ಅಪ್ಪ ಸಮೀಪ ಇರು ಅನ್ನಾಕತ್ಯಾನ. ನಾ ಇರ್ಲೋ, ಹೋಗ್ಲೋ?"

ಮರುದಿನ ಬೆಳಿಗ್ಗೆ ಥಿಯೇಟರ್ ಪಟ್ಟಿಯಲ್ಲಿ ಒಂದು ಹರ್ನಿಯಾ ಇತ್ತು. ಅದರ ಮುಂದೆ ಮೊದಲ ಸಲ ನನ್ನ ಹೆಸರು ಬರೆದಿದ್ದರು.

"ಇರು," ಎಂದೆ.

ಅವಳು ಬಟ್ಟೆಗಳನ್ನು ಎದೆಗವಚಿಕೊಂಡು ತಲೆಯಾಡಿಸಿದಳು. ನಾನು ಕೋಣೆಗೆ ಬಂದು ಪುಸ್ತಕ ತೆರೆದು ಹರ್ನಿಯಾದ ಅಧ್ಯಾಯವನ್ನು ಮತ್ತೊಮ್ಮೆ ಓದಿದೆ.

ಆ ದಿನ ದಾಟಿತು. ಅದರ ಮರುದಿನ ಬೆಳಗಿನ ರೌಂಡಿನಲ್ಲಿ, ಒಂದು ವರದಿ ತಡವಾಯಿತೆಂದು ಮುಖ್ಯಸ್ಥರು ಅವಳ ಕೈಯಿಂದ ಕೇಸ್ ಶೀಟು ಕಿತ್ತು ನೆಲಕ್ಕೆಸೆದರು. ಅವಳು ಕಾಗದ ಆರಿಸುತ್ತ ಒಂದು ಸಲ ಕತ್ತೆತ್ತಿ ನನ್ನನ್ನು ನೋಡಿದಳು. ನಾನು ಮುಂದಿನ ಮಂಚದ ರೋಗಿಯ ನಾಡಿ ಹಿಡಿದು ನಿಂತಿದ್ದೆ. ಅಲ್ಲಿಗೆ ನಾಟಕ ಮುಗಿಯಿತು. ಗಟ್ಟಿ ಜನ ಎಂಬ ಬಿರುದು ನನ್ನ ಹೆಗಲಿಂದ ಇಳಿದು ಅವಳ ಹೆಗಲೇರಿತು. ರಕ್ತ, ಕೀವು, ಬ್ಲಡ್ ಬ್ಯಾಂಕು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ನನ್ನ ತಲೆಗೆ ತಪ್ಪಿದ ದೊಣ್ಣೆ ಯಾರಿಗೆ ಬೀಳುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾಳಿನ ಆಪರೇಷನ್ನಿಗೆ ಯಾರು ಜೊತೆ ನಿಲ್ಲಬೇಕು ಎಂಬ ಪಟ್ಟಿಯನ್ನು ನಮ್ಮ ಯುನಿಟ್ಟಿನಲ್ಲಿ ಎರಡನೇ ವರ್ಷದವರು ಬರೆಯುತ್ತಾರೆ. ಬರೆಯುತ್ತಿದ್ದವಳು ನಾನು. ಮೊದಲೆರಡು ಸಲ ಅವಳ ಹೆಸರು ಬರೆದೆ. "ಅವಳು ಥಿಯೇಟರಿಗೆ ಬಂದ್ರೆ ವಾರ್ಡ್ ಯಾರು ನೋಡ್ಕೋತಾರೆ, ನೀನಾ?" ಎಂದು ಹಿರಿಯನೊಬ್ಬ ಕೇಳಿದ. ಮೂರನೇ ಸಲದಿಂದ ಅವಳ ಹೆಸರು ಬಿಟ್ಟೆ. ಅವಳು ದಿನಾ ಸಂಜೆ ನೋಟಿಸ್ ಬೋರ್ಡಿನ ಮುಂದೆ ನಿಂತು ನನ್ನ ಅಕ್ಷರದಲ್ಲಿದ್ದ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಿದ್ದಳು. ಕೆಲವು ವಾರಗಳ ನಂತರ ಬೋರ್ಡಿನ ಮುಂದೆ ನಿಲ್ಲುವುದನ್ನು ಬಿಟ್ಟಳು. ನನ್ನನ್ನು ಅಕ್ಕಾ ಎನ್ನುವುದನ್ನೂ ಬಿಟ್ಟಳು.

ಬಂದ ಎಂಟನೇ ತಿಂಗಳು ಒಂದು ಬೆಳಿಗ್ಗೆ ಟ್ರಂಕಿನೊಂದಿಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು.

"ಹೋಗಾಕತ್ತೀನ್ರಿ," ಎಂದಳು.

ತಡೆಯಬೇಕಿತ್ತು, ಕೈ ಹಿಡಿಯಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಅಸಲು ಸರ್ಟಿಫಿಕೇಟು?"

"ಬೀರುವಿನ್ಯಾಗ ಅದಾವ. ಇರ್ಲಿ ಬಿಡ್ರಿ."

"ನಿಮ್ಮ ಕಡೆಯವರಿಗೆ ತಾಳ್ಮೆನೇ ಇಲ್ಲ ಕಣಮ್ಮ," ಎಂದರು ಮುಖ್ಯಸ್ಥರು. ಅಷ್ಟು ದಿನ ಗಟ್ಟಿಯಾಗಿದ್ದ ಜನ ಒಂದು ಬೆಳಗಿನಲ್ಲಿ ತಾಳ್ಮೆಗೆಟ್ಟ ಜನವಾದರು. ಅದೇ ಮಧ್ಯಾಹ್ನ ನಾನು ಮತ್ತೆ ಸಿರಿಂಜು ಹಿಡಿದೆ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ. ಆದರೆ ನಾನು ಉಂಡದ್ದು ಕಡಿಮೆ. ಮೂರನೇ ವರ್ಷ ಹೇಗೋ ಕೇಸುಗಳು ಸಿಕ್ಕವು, ಪರೀಕ್ಷೆ ಪಾಸಾದೆ, ಬೀರುವಿನಿಂದ ನನ್ನ ಕಾಗದ ಬಿಡಿಸಿಕೊಂಡೆ. ಅವಳ ಕವರು ಅದೇ ಕಪಾಟಿನಲ್ಲಿ, ನನ್ನದರ ಕೆಳಗೇ ಇತ್ತು. ಗುಮಾಸ್ತರು ಅದನ್ನು ಸರಿಸಿ ನನ್ನದನ್ನು ಎಳೆದು ಕೊಟ್ಟರು.

ಈಗ ನಾನು ಸಿಂಧನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಜನ್. ಮಸ್ಕಿಯಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದರು. ಹೆಣ್ಣುಮಕ್ಕಳಿಗೆ ನಾಲ್ಕು ಮಾತು ಹೇಳ್ರಿ ಎಂದು ಮೈಕು ಕೊಟ್ಟರು. ನೀವೂ ಬರ್ರಿ, ಸರ್ಜನ್ ಆಗ್ರಿ ಎಂದೆ. ಚಪ್ಪಾಳೆ ಮುಗಿಯುವ ಮೊದಲೇ ಮೈಕು ಕೊಟ್ಟು ಕೂತುಬಿಟ್ಟೆ.

ಇಲ್ಲಿಗೆ ಬಂದ ಎರಡನೇ ತಿಂಗಳಿನಿಂದ ಆ ಚೀಟಿಗಳು ಬರತೊಡಗಿದವು. ಮಸ್ಕಿಯ ದಾರಿಯಲ್ಲಿರುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಳಿಸಿದ ರೋಗಿಗಳ ಕೈಯಲ್ಲಿರುತ್ತಿದ್ದವು. ಮೇಲೆ 'ಸರ್ಜನ್ ಅವರಿಗೆ' ಎಂದಷ್ಟೇ. ಕೆಳಗೆ ಏನಾಗಿದೆ, ಯಾವಾಗಿನಿಂದ, ಏನು ಕೊಟ್ಟಿದೆ ಎಂದು ಐದು ಸಾಲು. ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. ಅವಳು ಊರ ಕಡೆ ಮರಳಿ ಅಲ್ಲಿ ಗುತ್ತಿಗೆ ಡಾಕ್ಟರಾಗಿದ್ದಳು. ಅಸಲು ಕಾಗದಗಳಿಲ್ಲದೆ, ನೋಂದಣಿಯ ನಕಲಿನ ಮೇಲೆ ಅಷ್ಟು ದೂರ ಮಾತ್ರ ಹೋಗಲು ಆಗುತ್ತದೆ. ಒಂದು ಚೀಟಿಯೂ ತಪ್ಪಿರುತ್ತಿರಲಿಲ್ಲ. ಅಪೆಂಡಿಕ್ಸ್ ಎಂದು ಬರೆದಿದ್ದರೆ ಅಪೆಂಡಿಕ್ಸೇ. ಸ್ಕ್ಯಾನಿಂಗ್ ನೋಡಿ ನಾನು ಹೇಳುವುದನ್ನು ಅವಳು ಬರೀ ಬೆರಳಿನಿಂದ ಹೊಟ್ಟೆ ಮುಟ್ಟಿ ಹೇಳಿರುತ್ತಿದ್ದಳು. ಒಂದು ಸಲವೂ ಫೋನು ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ.

ಹೋದ ತಿಂಗಳು ಒಂದು ಮುಂಜಾನೆ ಆಂಬುಲೆನ್ಸಿನಲ್ಲಿ ಅವಳೇ ಬಂದಳು. ಸ್ಟ್ರೆಚರಿನ ಮೇಲೆ ಗದ್ದೆ ಕೆಲಸದ ನಡುವಯಸ್ಸಿನ ಹೆಂಗಸು. ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡಿತ್ತು, ದಾರಿಯಲ್ಲಿ ರಕ್ತದೊತ್ತಡ ಇಳಿಯಬಹುದೆಂದು ಜೊತೆಗೆ ಕೂತು ಬಂದಿದ್ದಳು. ನಿಂತಲ್ಲೇ ಮೂರು ಮಾತಿನಲ್ಲಿ ಎಲ್ಲ ಒಪ್ಪಿಸಿದಳು. ತೆಳ್ಳಗೆ ಹಾಗೆಯೇ ಇದ್ದಳು, ಮುಖ ಮಾತ್ರ ಬಲಿತಿತ್ತು.

ರೋಗಿಯನ್ನು ಒಳಗೆ ಕಳಿಸಿ, ಕೈ ತೊಳೆಯುವ ಮೊದಲು ನಾನು ಅವಳ ಹತ್ತಿರ ಹೋದೆ. "ನೀನೂ ಒಳಗ ಬಾ. ನೀ ಮಾಡು, ನಾ ಎದುರಿಗೆ ನಿಲ್ತೀನಿ," ಎಂದೆ. ಏನೋ ದಾನ ಕೊಡುವವಳ ಹಾಗೆ ಹೇಳಿದೆನೆಂದು ಹೇಳಿದ ಮೇಲೆ ಅನ್ನಿಸಿತು.

"ಬ್ಯಾಡ್ರಿ ಮೇಡಂ. ಓಪಿಡಿಗೆ ಮಂದಿ ಕುಂತಾರ."

"ಅವತ್ತು ಫೋನಿನ್ಯಾಗ ನಾ ಹೇಳಿದ್ದು ತಪ್ಪಾತು. ಕ್ಷಮಾ ಮಾಡು," ಎಂದೆ. ಇಷ್ಟು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದ ಮಾತು ಅದು.

ಅವಳು ಸಿಟ್ಟಾಗಲಿಲ್ಲ. ರೋಗದ ಲಕ್ಷಣ ಹೇಳುವಂತೆಯೇ ನಿಧಾನ ಹೇಳಿದಳು.

"ಫೋನಿನ್ಯಾಗ ಹೇಳಿದ್ದಕ್ಕ ನಾ ಏನೂ ಅನ್ನಂಗಿಲ್ರಿ. ಆಗ ನಾ ನಿಮಗ ಯಾರೋ ಏನೋ. ಮಾಳಿಗಿ ಮ್ಯಾಲೆ ಕೇಳಿದಾಗ ಹಂಗಲ್ಲ. ಆಗ ನಾವಿಬ್ಬರೂ ದಿನಾ ಒಂದಾ ತಾಟಿನ್ಯಾಗ ಉಣ್ಣತಿದ್ದಿವಿ."

ಡ್ರೈವರನಿಗೆ ಹೋಗೋಣ ನಡೀರಿ ಎಂದು ಹೇಳಿ ಆಂಬುಲೆನ್ಸ್ ಹತ್ತಿದಳು. ನಾನು ಕೈ ತೊಳೆದು ಒಳಗೆ ಹೋದೆ. ಕರುಳನ್ನು ಉಂಗುರದಂತೆ ಬಿಗಿದಿದ್ದ ಪಟ್ಟಿಯನ್ನು ಕೊಯ್ದು ಬಿಸಿ ಬಟ್ಟೆ ಮುಚ್ಚಿ ಕಾದೆ. ನಿಧಾನಕ್ಕೆ ಬಣ್ಣ ಬಂತು. ಅವಳು ತಡಮಾಡದೆ ಕರೆತಂದಿದ್ದಳು, ಅದಕ್ಕೇ ಆ ಹೆಂಗಸಿನ ಕರುಳು ಉಳಿಯಿತು. ರೋಗಿಯ ತಲೆಯ ಬಳಿ ಸ್ಟೂಲಿನ ಮೇಲೆ, ಕರೆದಾಗ ಬರುವ ಅನಸ್ತೇಶಿಯಾ ಡಾಕ್ಟರು ಕೂತಿದ್ದರು. ನನ್ನ ಎದುರಿಗೆ ಸಿಸ್ಟರ್ ನಿಂತಿದ್ದರು. ನಾನು ಖರೆ ಹೇಳಿದ್ದರೆ ಆ ಸ್ಟೂಲು ಅವಳದಾಗಿರುತ್ತಿತ್ತು. ಕರೆಸಿಕೊಂಡ ಮೇಲೆ ನಾನು ಅವಳ ಜೊತೆಗೆ ನಿಂತಿದ್ದರೂ ಸಾಕಿತ್ತು, ಅವಳೂ ಸರ್ಜನ್ ಆಗಿ ಮೇಜಿನ ಆಚೆ ಬದಿ ಅವಳದಾಗಿರುತ್ತಿತ್ತು. ಎರಡನ್ನೂ ಕಸಿದುಕೊಂಡವಳು ನಾನು.